ಓಪನ್‌ಎಸ್‌ಎಸ್‌ಎಲ್ ಬಿಲ್ಡ್ ಬದಲಿಸಿದರೂ ಫಿಪ್ಸ್ ಮಾನ್ಯತೆ ಉಳಿಸಿಕೊಳ್ಳುವುದು ಹೇಗೆ?

ಓಪನ್‌ಎಸ್‌ಎಸ್‌ಎಲ್ ಎಂಬುದು ಇತರ ತಂತ್ರಾಂಶಗಳಿಗೆ ಗೂಢಲಿಪೀಕರಣದ ಸೌಲಭ್ಯ ಒದಗಿಸುವ ಲೈಬ್ರರಿ, ಫಿಪ್ಸ್ ಎಂಬುದು ಅಂಥ ಗೂಢಲಿಪೀಕರಣಕ್ಕೆ ಅಮೆರಿಕ ಸರ್ಕಾರ ಇಟ್ಟಿರುವ ಮಾನದಂಡ. ಮೂಲ ಕೋಡನ್ನು ಕಂಪೈಲ್ ಮಾಡಿ ಬಳಸಬಹುದಾದ ಫೈಲುಗಳನ್ನಾಗಿಸುವುದೇ ಬಿಲ್ಡ್. ಅಮೆರಿಕದ ಒಕ್ಕೂಟ ಸರ್ಕಾರದ ಇಲಾಖೆಗಳಿಗೆ ತಂತ್ರಾಂಶ ಒದಗಿಸುವ ಬೆಂಗಳೂರಿನ ತಂಡಗಳಲ್ಲಿ ದುಡಿಯುವ ಓದುಗರು ಒಂದೇ ಪ್ರಶ್ನೆಯನ್ನು ಬೇರೆ ಬೇರೆ ರೂಪದಲ್ಲಿ ಕೇಳುತ್ತಲೇ ಇದ್ದಾರೆ: ‘ಓಪನ್‌ಎಸ್‌ಎಸ್‌ಎಲ್ ಅನ್ನು ನಾವೇ ಬಿಲ್ಡ್ ಮಾಡಿಕೊಳ್ಳುತ್ತೇವೆ. ಬೇಡದ ಆಲ್ಗಾರಿದಮ್‌ಗಳನ್ನು ತೆಗೆಯುತ್ತೇವೆ, ಒಂದೆರಡು ಪ್ಯಾಚ್ ಹಾಕುತ್ತೇವೆ, ಗಾತ್ರ ಇಳಿಸುತ್ತೇವೆ. ಇಷ್ಟೆಲ್ಲ ಮಾಡಿದ ಮೇಲೂ ಅದಕ್ಕೆ ಫಿಪ್ಸ್ ಮಾನ್ಯತೆ ಇದೆಯೆಂದು ಹೇಳಬಹುದೇ?’ ಹೇಳಬಹುದು, ಆದರೆ ನೀವು ಕೈಯಾಡಿಸಿದ್ದು ಮಾನ್ಯತೆ ಪಡೆದ ಭಾಗದ ಹೊರಗೆ ಮಾತ್ರ ಆಗಿದ್ದರೆ. ಮಾನ್ಯತೆ ಸಿಕ್ಕಿರುವುದು ಇಡೀ ಓಪನ್‌ಎಸ್‌ಎಸ್‌ಎಲ್‌ಗೆ ಅಲ್ಲ, ಅದರೊಳಗಿನ ಒಂದೇ ಒಂದು ಫೈಲಿಗೆ. ಆ ಫೈಲನ್ನು ಮುಟ್ಟದೆ ಉಳಿದದ್ದನ್ನೆಲ್ಲ ಬದಲಿಸಿಕೊಳ್ಳುವ ಕ್ರಮವನ್ನು ಇಲ್ಲಿ ಹಂತ ಹಂತವಾಗಿ ವಿವರಿಸಿದ್ದೇನೆ. ಆದೇಶಗಳನ್ನೂ ಫೈಲುಗಳ ಹೆಸರನ್ನೂ ಉಚ್ಚಾರಣೆಗೆ ತಕ್ಕಂತೆ ಕನ್ನಡ ಲಿಪಿಯಲ್ಲಿ ಕೊಟ್ಟಿದ್ದೇನೆ. ಅವುಗಳನ್ನು ಟೈಪ್ ಮಾಡುವಾಗ ಓಪನ್‌ಎಸ್‌ಎಸ್‌ಎಲ್ ಕೈಪಿಡಿಯಲ್ಲಿರುವ ಮೂಲ ರೂಪವನ್ನು ಪಕ್ಕದಲ್ಲಿ ಇಟ್ಟುಕೊಳ್ಳಿ.

ಕೆಲವು ಪದಗಳು

ಫಿಪ್ಸ್ 140 ಎಂಬುದು ಗೂಢಲಿಪೀಕರಣ ಮಾಡುವ ತಂತ್ರಾಂಶ ಮತ್ತು ಯಂತ್ರಾಂಶಗಳಿಗೆ ಅಮೆರಿಕ ಸರ್ಕಾರ ರೂಪಿಸಿರುವ ಮಾನದಂಡ. 2001ರಲ್ಲಿ ಬಂದ 140-2ರ ಜಾಗಕ್ಕೆ 2019ರಲ್ಲಿ 140-3 ಬಂದಿದೆ. ಈ ಮಾನದಂಡಕ್ಕೆ ತಕ್ಕಂತಿದೆಯೇ ಎಂದು ಮಾನ್ಯತೆ ಪಡೆದ ಪ್ರಯೋಗಾಲಯವೊಂದು ಪರೀಕ್ಷಿಸುತ್ತದೆ. ಆ ವರದಿಯನ್ನು ಪರಿಶೀಲಿಸಿ ಪ್ರಮಾಣಪತ್ರ ಕೊಡುವುದು ಸಿಎಂವಿಪಿ ಎಂಬ ಕಾರ್ಯಕ್ರಮ, ಅದನ್ನು ಅಮೆರಿಕದ ರಾಷ್ಟ್ರೀಯ ಮಾನಕ ಮತ್ತು ತಂತ್ರಜ್ಞಾನ ಸಂಸ್ಥೆಯಾದ ಎನ್‌ಐಎಸ್‌ಟಿ ಮತ್ತು ಕೆನಡಾದ ಸೈಬರ್ ಭದ್ರತಾ ಕೇಂದ್ರ ಜೊತೆಯಾಗಿ ನಡೆಸುತ್ತವೆ. ಮಾನ್ಯತೆ ಇಲ್ಲದ ಗೂಢಲಿಪೀಕರಣವನ್ನು ಎನ್‌ಐಎಸ್‌ಟಿ ರಕ್ಷಣೆಯೆಂದೇ ಲೆಕ್ಕಕ್ಕೆ ಹಿಡಿಯುವುದಿಲ್ಲ, ಮಾಹಿತಿ ಬಯಲಾಗಿಯೇ ಇದೆಯೆಂದು ಭಾವಿಸುತ್ತದೆ. ಆದ್ದರಿಂದ ‘ನಮ್ಮದು ಹೆಚ್ಚುಕಡಿಮೆ ಅದೇ ಕೋಡ್’ ಎಂಬ ಸಮಜಾಯಿಷಿಗೆ ಅಲ್ಲಿ ಬೆಲೆ ಇಲ್ಲ.

ಪರೀಕ್ಷೆಗೆ ಒಳಪಟ್ಟ ವಸ್ತುವನ್ನು ಮಾಡ್ಯೂಲ್ ಎನ್ನುತ್ತಾರೆ. ಅದು ಎಲ್ಲಿ ಆರಂಭವಾಗಿ ಎಲ್ಲಿ ಮುಗಿಯುತ್ತದೆ ಎಂಬ ಗೆರೆಯೇ ಮಾಡ್ಯೂಲಿನ ಗಡಿ. ಪ್ರಮಾಣಪತ್ರದ ಜೊತೆಗೆ ಪ್ರಕಟವಾಗುವ ಭದ್ರತಾ ನೀತಿ ಎಂಬ ದಸ್ತಾವೇಜಿನಲ್ಲಿ ಆ ಗಡಿ, ಬಿಲ್ಡ್ ಮಾಡಬೇಕಾದ ರೀತಿ, ಪರೀಕ್ಷೆ ನಡೆದ ಯಂತ್ರಗಳು ಹಾಗೂ ಬಳಕೆಯ ನಿಯಮಗಳು ಇರುತ್ತವೆ. ಇನ್ನು ಪ್ರೊವೈಡರ್ ಎಂದರೆ ಓಪನ್‌ಎಸ್‌ಎಸ್‌ಎಲ್ 3ನೇ ಆವೃತ್ತಿಯಿಂದ ಬಂದ ವ್ಯವಸ್ಥೆ. ಆಲ್ಗಾರಿದಮ್‌ಗಳು ಪ್ರತ್ಯೇಕ ಕಟ್ಟುಗಳಾಗಿ ಇರುತ್ತವೆ, ಮುಖ್ಯ ಲೈಬ್ರರಿ ತನಗೆ ಬೇಕಾದ ಕಟ್ಟನ್ನು ಲೋಡ್ ಮಾಡಿಕೊಳ್ಳುತ್ತದೆ. ಫಿಪ್ಸ್ ಪ್ರೊವೈಡರ್ ಅಂಥದೊಂದು ಕಟ್ಟು. ಲಿನಕ್ಸ್‌ನಲ್ಲಿ ಅದು ‘ಫಿಪ್ಸ್.ಎಸ್‌ಒ’ ಎಂಬ ಒಂದು ಫೈಲು, ವಿಂಡೋಸ್‌ನಲ್ಲಿ ‘ಫಿಪ್ಸ್.ಡಿಎಲ್‌ಎಲ್’. ಗಡಿಯ ಒಳಗಿರುವುದು ಇದು ಮಾತ್ರ. ಮುಖ್ಯ ಲೈಬ್ರರಿಯಾದ ಲಿಬ್‌ಕ್ರಿಪ್ಟೊ, ಟಿಎಲ್‌ಎಸ್ ಅಂದರೆ ಜಾಲದ ಮೇಲಿನ ಸುರಕ್ಷಿತ ಸಂಪರ್ಕವನ್ನು ನೋಡಿಕೊಳ್ಳುವ ಲಿಬ್‌ಎಸ್‌ಎಸ್‌ಎಲ್, ಸಾಮಾನ್ಯ ಬಳಕೆಯ ಡಿಫಾಲ್ಟ್ ಪ್ರೊವೈಡರ್, ಹಳೆಯ ಆಲ್ಗಾರಿದಮ್‌ಗಳ ಲೆಗಸಿ ಪ್ರೊವೈಡರ್ ಮತ್ತು ಆದೇಶ ಸಾಲಿನ ಉಪಕರಣ ಎಲ್ಲವೂ ಹೊರಗೆ.

ಹಳೆಯ ಕಾಲಕ್ಕೆ ಹೋಲಿಸಿದರೆ ಇದು ದೊಡ್ಡ ಅನುಕೂಲ. 1.0.2 ಆವೃತ್ತಿಯ ಜೊತೆ ಬಳಸುತ್ತಿದ್ದ ಫಿಪ್ಸ್ ಆಬ್ಜೆಕ್ಟ್ ಮಾಡ್ಯೂಲ್ 2.0ರಲ್ಲಿ ಬಿಲ್ಡ್ ಆದೇಶಗಳಿಂದ ಒಂದಕ್ಷರ ಆಚೀಚೆ ಆಗುವಂತಿರಲಿಲ್ಲ. ಮೂಲ ಕೋಡನ್ನು ನಂಬಿಕೆಯ ಮಾರ್ಗದಿಂದ ಪಡೆಯಬೇಕೆಂಬ ನಿಯಮವನ್ನು ಪಾಲಿಸಲು ಅಂಚೆಯಲ್ಲಿ ಸಿಡಿ ತರಿಸಿಕೊಳ್ಳುವ ಏರ್ಪಾಡೂ ಇತ್ತು.

ಕೆಲಸಕ್ಕೆ ಮುನ್ನ ಕೈಯಲ್ಲಿರಬೇಕಾದದ್ದು

ನಿಮ್ಮ ಪ್ರಮಾಣಪತ್ರದ ಪುಟ ಮತ್ತು ಅದರ ಭದ್ರತಾ ನೀತಿಯ ಪ್ರತಿ, ಮಾನ್ಯತೆ ಪಡೆದ ಆವೃತ್ತಿಯ ಮೂಲ ಕೋಡಿನ ಟಾರ್ ಫೈಲು (ಎಲ್ಲ ಫೈಲುಗಳನ್ನು ಒಂದಾಗಿ ಕಟ್ಟಿದ ಫೈಲು), ಬೆಂಬಲದಲ್ಲಿರುವ ಹೊಸ ಓಪನ್‌ಎಸ್‌ಎಸ್‌ಎಲ್ ಆವೃತ್ತಿಯ ಟಾರ್ ಫೈಲು, ಮತ್ತು ನೀವು ಮಾಡಬೇಕೆಂದಿರುವ ಬದಲಾವಣೆಗಳ ಲಿಖಿತ ಪಟ್ಟಿ. ಕೊನೆಯದನ್ನು ಹೆಚ್ಚಿನ ತಂಡಗಳು ಮಾಡುವುದಿಲ್ಲ, ಎರಡನೇ ಹಂತದಲ್ಲಿ ಅದೇ ಬೇಕಾಗುತ್ತದೆ.

1. ಪ್ರಮಾಣಪತ್ರವನ್ನು ಆವೃತ್ತಿ ಸಂಖ್ಯೆಯೊಡನೆ ಓದಿ

ಸಿಎಂವಿಪಿಯ ಪಟ್ಟಿಯಲ್ಲಿ ಪ್ರತಿ ಪ್ರಮಾಣಪತ್ರದಲ್ಲೂ ಮಾಡ್ಯೂಲಿನ ನಿಖರ ಆವೃತ್ತಿ ನಮೂದಾಗಿರುತ್ತದೆ. ಓಪನ್‌ಎಸ್‌ಎಸ್‌ಎಲ್ ಯೋಜನೆಯದೇ ಪ್ರಮಾಣಪತ್ರಗಳ ಪೈಕಿ 4282ನೆಯದು ಫಿಪ್ಸ್ 140-2ರಡಿ 3.0.8 ಮತ್ತು 3.0.9 ಪ್ರೊವೈಡರ್‌ಗಳಿಗೆ ಸಂಬಂಧಿಸಿದ್ದು, 4985ನೆಯದು 140-3ರಡಿ 3.1.2ಕ್ಕೆ 2025ರ ಮಾರ್ಚ್‌ನಲ್ಲಿ ಸಿಕ್ಕಿದ್ದು. ಇದರ ಅರ್ಥ 3.1.2 ಎಂದೇ ಹೊರತು 3.1.3 ಅಲ್ಲ, 3.1.8 ಅಲ್ಲ, 3.5 ಅಂತೂ ಅಲ್ಲವೇ ಅಲ್ಲ. ‘ಹೊಸ ಆವೃತ್ತಿ ಇನ್ನೂ ಚೆನ್ನಾಗಿದೆ, ಅದರಲ್ಲೂ ಎನೇಬಲ್-ಫಿಪ್ಸ್ ಆಯ್ಕೆ ಇದೆ’ ಎಂದುಕೊಂಡು ಹೊಸದರ ಪ್ರೊವೈಡರನ್ನೇ ಬಿಲ್ಡ್ ಮಾಡಿ ಕಳುಹಿಸುವುದು ನಾನು ಕಂಡ ತಪ್ಪುಗಳಲ್ಲಿ ಅತಿ ಸಾಮಾನ್ಯವಾದದ್ದು. ಹಾಗೆ ಬಂದ ಫೈಲು ಕೆಲಸ ಮಾಡುತ್ತದೆ, ಸ್ವಯಂಪರೀಕ್ಷೆಗಳಲ್ಲೂ ತೇರ್ಗಡೆಯಾಗುತ್ತದೆ, ಆದರೆ ಅದಕ್ಕೆ ಪ್ರಮಾಣಪತ್ರ ಇರುವುದಿಲ್ಲ.

ಅದೇ ಪುಟದಲ್ಲಿ ಸ್ಥಿತಿಯನ್ನೂ ನೋಡಿ. ‘ಸಕ್ರಿಯ’ ಪಟ್ಟಿಯಲ್ಲಿರುವುದನ್ನು ಹೊಸ ಖರೀದಿಗೆ ಪರಿಗಣಿಸುತ್ತಾರೆ. ‘ಐತಿಹಾಸಿಕ’ ಪಟ್ಟಿಗೆ ಸರಿದದ್ದನ್ನು ಈಗಾಗಲೇ ನಡೆಯುತ್ತಿರುವ ವ್ಯವಸ್ಥೆಗಳಲ್ಲಿ ಮುಂದುವರಿಸಬೇಕೇ ಎಂಬುದನ್ನು ಆಯಾ ಇಲಾಖೆ ತನ್ನ ಜವಾಬ್ದಾರಿಯ ಮೇಲೆ ತೀರ್ಮಾನಿಸಬೇಕು. 140-2ರ ಪ್ರಮಾಣಪತ್ರಗಳು ಸಕ್ರಿಯ ಪಟ್ಟಿಯಲ್ಲಿ ಇರಬಹುದಾದ ಕೊನೆಯ ದಿನ 2026ರ ಸೆಪ್ಟೆಂಬರ್ 21. ಹೊಸದಾಗಿ ಆರಂಭಿಸುವವರು 140-3ರ ಪ್ರಮಾಣಪತ್ರವಿರುವ ಪ್ರೊವೈಡರನ್ನೇ ಆರಿಸಿಕೊಳ್ಳುವುದು ಲೇಸು.

2. ಪ್ರತಿ ಬದಲಾವಣೆಯೂ ಗಡಿಯ ಯಾವ ಕಡೆಗೆ ಬೀಳುತ್ತದೆ ಎಂದು ಗುರುತಿಸಿ

ಇಡೀ ಕೆಲಸದ ತಿರುಳು ಇಲ್ಲಿದೆ, ಆದ್ದರಿಂದ ಸ್ವಲ್ಪ ನಿಧಾನವಾಗಿ ನೋಡೋಣ.

ಲಿಬ್‌ಎಸ್‌ಎಸ್‌ಎಲ್‌ಗೆ ಸಂಬಂಧಿಸಿದ ಬದಲಾವಣೆಗಳು, ಅಂದರೆ ಟಿಎಲ್‌ಎಸ್‌ನ ಹಳೆಯ ಆವೃತ್ತಿಗಳನ್ನು ತೆಗೆದುಹಾಕುವುದು, ಸೈಫರ್ ಪಟ್ಟಿಯ ಅನುಕ್ರಮ ಬದಲಿಸುವುದು, ಹ್ಯಾಂಡ್‌ಶೇಕ್ ದೋಷಕ್ಕೆ ಪ್ಯಾಚ್ ಹಾಕುವುದು ಮುಂತಾದವು ಗಡಿಯ ಹೊರಗಿನವು. ಟಿಎಲ್‌ಎಸ್‌ನಲ್ಲಿ ಬಳಸುವ ಡಿಜಿಟಲ್ ಪ್ರಮಾಣಪತ್ರಗಳನ್ನು (ಫಿಪ್ಸ್ ಪ್ರಮಾಣಪತ್ರವಲ್ಲ) ಓದುವ ಕೋಡ್, ಸಂರಚನಾ ಫೈಲನ್ನು ಓದುವ ಕೋಡ್, ಆದೇಶ ಸಾಲಿನ ಉಪಕರಣ ಇವೂ ಹೊರಗಿನವೇ. ಇಷ್ಟರ ಮಟ್ಟಿಗೆ ಗೊಂದಲವಿಲ್ಲ.

ಗೊಂದಲ ಹುಟ್ಟುವುದು ‘ಕ್ರಿಪ್ಟೊ’ ಎಂಬ ಕಡತಕೋಶದಲ್ಲಿ. ಅಲ್ಲಿರುವ ಎಷ್ಟೋ ಮೂಲ ಫೈಲುಗಳು ಎರಡು ಬಾರಿ ಕಂಪೈಲ್ ಆಗುತ್ತವೆ: ಒಮ್ಮೆ ಲಿಬ್‌ಕ್ರಿಪ್ಟೊಗಾಗಿ, ಇನ್ನೊಮ್ಮೆ ಫಿಪ್ಸ್_ಮಾಡ್ಯೂಲ್ ಎಂಬ ಮ್ಯಾಕ್ರೊ ಹಚ್ಚಿ ಫಿಪ್ಸ್ ಪ್ರೊವೈಡರ್‌ಗಾಗಿ. ದೊಡ್ಡ ಸಂಖ್ಯೆಗಳ ಗಣಿತ, ಎಇಎಸ್ ಮತ್ತು ಎಲಿಪ್ಟಿಕ್ ಕರ್ವ್ ಎಂಬ ಗೂಢಲಿಪೀಕರಣ ವಿಧಾನಗಳ ಕೋಡ್ ಎಲ್ಲ ಹೀಗೆ ಎರಡೂ ಕಡೆಗೆ ಸೇರಿದವು. ‘ನಾವು ಲಿಬ್‌ಕ್ರಿಪ್ಟೊದಲ್ಲಿ ಒಂದು ಸಾಲು ಬದಲಿಸಿದೆವು, ಅಷ್ಟೇ’ ಎಂದು ನೀವು ಪ್ರಾಮಾಣಿಕವಾಗಿ ನಂಬಿರುವಾಗಲೇ ಅದೇ ಸಾಲು ಪ್ರೊವೈಡರಿನ ಒಳಕ್ಕೂ ಹೋಗಿ ಕುಳಿತಿರಬಹುದು.

ಇದನ್ನು ಊಹೆಯಿಂದ ತೀರ್ಮಾನಿಸಬೇಕಾಗಿಲ್ಲ. ಮೂಲ ಕೋಡಿನ ‘ಪ್ರೊವೈಡರ್ಸ್’ ಕಡತಕೋಶದಲ್ಲಿ ‘ಫಿಪ್ಸ್.ಮಾಡ್ಯೂಲ್.ಸೋರ್ಸಸ್’ ಎಂಬ ಫೈಲಿದೆ. ಮಾಡ್ಯೂಲಿಗೆ ಸೇರುವ ಎಲ್ಲ ಮೂಲ ಫೈಲುಗಳ ಪಟ್ಟಿ, ಹೆಡರ್ ಫೈಲುಗಳೂ ಸೇರಿದಂತೆ, ಅಲ್ಲಿ ಸಿಗುತ್ತದೆ. ಪಕ್ಕದಲ್ಲೇ ಇರುವ ‘ಫಿಪ್ಸ್-ಸೋರ್ಸಸ್.ಚೆಕ್‌ಸಮ್ಸ್’ ಎಂಬುದರಲ್ಲಿ ಪ್ರತಿಯೊಂದರ ಹ್ಯಾಶ್ ಇದೆ. ಹ್ಯಾಶ್ ಎಂದರೆ ಫೈಲಿನ ಒಳಗಿನದರಿಂದ ಲೆಕ್ಕ ಹಾಕಿ ತೆಗೆದ ಬೆರಳಚ್ಚಿನಂಥ ಸಂಖ್ಯೆ, ಒಳಗೆ ಒಂದಕ್ಷರ ಬದಲಾದರೂ ಅದು ಬೇರೆಯಾಗುತ್ತದೆ. ನಿಮ್ಮ ಪ್ಯಾಚ್ ಮುಟ್ಟುವ ಫೈಲುಗಳ ಹೆಸರನ್ನು ಈ ಪಟ್ಟಿಯೊಡನೆ ತಾಳೆ ನೋಡಿ. ಒಂದೇ ಒಂದು ಹೆಸರು ಕೂಡಿಬಂದರೂ ಆ ಪ್ಯಾಚ್ ಹಾಕಿದ ಮರದಿಂದ, ಅಂದರೆ ಮೂಲ ಕೋಡಿನ ಆ ಇಡೀ ಕಡತಕೋಶದಿಂದ, ಫಿಪ್ಸ್ ಪ್ರೊವೈಡರನ್ನು ಬಿಲ್ಡ್ ಮಾಡುವಂತಿಲ್ಲ.

ಕೋಡ್ ಮುಟ್ಟದೆ ಕೇವಲ ಕಾನ್ಫಿಗರ್ ಆಯ್ಕೆಗಳಿಂದಲೂ ಮಾಡ್ಯೂಲ್ ಬದಲಾಗುತ್ತದೆ ಎಂಬುದನ್ನು ಮರೆಯಬೇಡಿ. ಅಸೆಂಬ್ಲಿ ಕೋಡನ್ನು ಬಿಡಿಸುವ ‘ನೋ-ಎಎಸ್‌ಎಂ’ ಆಯ್ಕೆ, ಆಲ್ಗಾರಿದಮ್‌ಗಳನ್ನು ಒಂದೊಂದಾಗಿ ಕೈಬಿಡುವ ‘ನೋ’ ಎಂದು ಆರಂಭವಾಗುವ ಆಯ್ಕೆಗಳು, ವೇಗ ಹೆಚ್ಚಿಸುವ ಕಂಪೈಲರ್ ಫ್ಲ್ಯಾಗ್‌ಗಳು ಇವೆಲ್ಲ ಪ್ರೊವೈಡರಿನ ಬೈನರಿಯ ಮೇಲೂ ಪರಿಣಾಮ ಬೀರುತ್ತವೆ. ಅದರಲ್ಲೂ ‘ನೋ-ಫಿಪ್ಸ್-ಸೆಕ್ಯೂರಿಟಿಚೆಕ್ಸ್’ ಎಂಬುದರ ಹತ್ತಿರಕ್ಕೇ ಹೋಗಬೇಡಿ. ಕೀಲಿಯ ಕನಿಷ್ಠ ಬಲ ಮುಂತಾದವನ್ನು ಓಡುವಾಗಲೇ ಪರೀಕ್ಷಿಸುವ ಕಾವಲನ್ನು ಅದು ಎತ್ತಿಬಿಡುತ್ತದೆ, ಹೆಸರಿನಲ್ಲಿ ಫಿಪ್ಸ್ ಎಂದಿರುವುದನ್ನು ಕಂಡು ಮೋಸಹೋದವರಿದ್ದಾರೆ.

3. ಪ್ರೊವೈಡರನ್ನು ಪ್ರತ್ಯೇಕವಾಗಿ, ಮುಟ್ಟದ ಕೋಡಿನಿಂದ ಬಿಲ್ಡ್ ಮಾಡಿ

ಮಾನ್ಯತೆ ಪಡೆದ ಆವೃತ್ತಿಯ ಟಾರ್ ಫೈಲನ್ನು ಯೋಜನೆಯ ಅಧಿಕೃತ ತಾಣದಿಂದ ಇಳಿಸಿಕೊಂಡು ಅದರ ಹ್ಯಾಶ್ ಮತ್ತು ಡಿಜಿಟಲ್ ಸಹಿಯನ್ನು ಪರಿಶೀಲಿಸಿ. ನಿಮ್ಮ ಸಂಸ್ಥೆಯ ಗಿಟ್ ಭಂಡಾರದಲ್ಲಿ ವರ್ಷಗಳಿಂದ ಇರುವ ನಕಲನ್ನು ಬಳಸಬೇಡಿ, ಅದರೊಳಗೆ ಯಾರು ಯಾವಾಗ ಏನು ಸೇರಿಸಿದ್ದಾರೆಂದು ಹೇಳಲು ಬರುವುದಿಲ್ಲ.

ಖಾಲಿ ಜಾಗದಲ್ಲಿ ಬಿಚ್ಚಿ, ಭದ್ರತಾ ನೀತಿಯಲ್ಲಿ ಹೇಳಿರುವ ಆದೇಶಗಳನ್ನಷ್ಟೇ ನಡೆಸಿ. ಸಾಮಾನ್ಯವಾಗಿ ಅದು ‘ಕಾನ್ಫಿಗರ್ ಎನೇಬಲ್-ಫಿಪ್ಸ್’, ಅನಂತರ ‘ಮೇಕ್’. ನಿಮ್ಮದೇ ಆಯ್ಕೆಗಳನ್ನು ಇಲ್ಲಿ ಸೇರಿಸುವ ಆಸೆಗೆ ಬೀಳಬೇಡಿ. ಇಲ್ಲಿ ಎಡವಿಸುವುದು ಕಣ್ಣಿಗೆ ಕಾಣುವ ಆಯ್ಕೆಗಳಿಗಿಂತ ಹೆಚ್ಚಾಗಿ ಪರಿಸರದ ಚರಾಂಶಗಳು. ಸಿಫ್ಲ್ಯಾಗ್ಸ್ ಎಂಬ ಚರಾಂಶ ನಿಮ್ಮ ಬಿಲ್ಡ್ ಯಂತ್ರದಲ್ಲಿ ಮೊದಲೇ ತುಂಬಿಕೊಂಡಿದ್ದರೆ ಕಾನ್ಫಿಗರ್ ಅದನ್ನು ಸದ್ದಿಲ್ಲದೆ ಎತ್ತಿಕೊಳ್ಳುತ್ತದೆ. ಆರ್‌ಪಿಎಂ ಮುಂತಾದ ಪ್ಯಾಕೇಜಿಂಗ್ ಉಪಕರಣಗಳು ತಮ್ಮದೇ ಫ್ಲ್ಯಾಗ್‌ಗಳನ್ನು ಹೀಗೆ ಒಳಗೆ ಸೇರಿಸುವುದುಂಟು. ಆದ್ದರಿಂದ ಪ್ರೊವೈಡರನ್ನು ಪ್ಯಾಕೇಜಿಂಗ್ ಉಪಕರಣದ ಹೊರಗೆ, ಚರಾಂಶಗಳನ್ನು ಬರಿದು ಮಾಡಿದ ಶೆಲ್ಲಿನಲ್ಲಿ ಬಿಲ್ಡ್ ಮಾಡಿ. ಮುಗಿದ ಮೇಲೆ ‘ಕಾನ್ಫಿಗ್‌ಡೇಟಾ.ಪಿಎಂ’ ಎಂಬ ಪರ್ಲ್ ಫೈಲನ್ನು ‘ಡಂಪ್’ ಆಯ್ಕೆಯೊಡನೆ ಓಡಿಸಿ, ನಿಜವಾಗಿ ಯಾವ ಫ್ಲ್ಯಾಗ್‌ಗಳು ಬಳಕೆಯಾದವು ಎಂಬುದನ್ನು ಕಡತಕ್ಕೆ ಉಳಿಸಿಕೊಳ್ಳಿ.

ಈ ಬಿಲ್ಡ್‌ನಿಂದ ನಿಮಗೆ ಬೇಕಾದದ್ದು ‘ಫಿಪ್ಸ್.ಎಸ್‌ಒ’ ಒಂದೇ. ಇದರ ಲಿಬ್‌ಕ್ರಿಪ್ಟೊ ಮತ್ತು ಲಿಬ್‌ಎಸ್‌ಎಸ್‌ಎಲ್ ಅನ್ನು ಉತ್ಪನ್ನಕ್ಕೆ ಒಯ್ಯಬೇಡಿ, ಹಳೆಯ ಆವೃತ್ತಿಯ ಭದ್ರತಾ ದೋಷಗಳು ಅವುಗಳಲ್ಲಿ ಹಾಗೆಯೇ ಇರುತ್ತವೆ.

4. ಉಳಿದದ್ದನ್ನು ಹೊಸ ಆವೃತ್ತಿಯಿಂದ, ನಿಮಗೆ ಬೇಕಾದಂತೆ ಬಿಲ್ಡ್ ಮಾಡಿ

3.0 ಅಥವಾ 3.1 ಸರಣಿಯ ಫಿಪ್ಸ್ ಪ್ರೊವೈಡರನ್ನು ಅದಕ್ಕಿಂತ ಹೊಸ 3.x ಲಿಬ್‌ಕ್ರಿಪ್ಟೊ ಲೋಡ್ ಮಾಡಿಕೊಳ್ಳಬಲ್ಲದು. ಯೋಜನೆಯೇ ಈ ಜೋಡಣೆಯನ್ನು ತನ್ನ ಫಿಪ್ಸ್ ಸೂಚನೆಗಳಲ್ಲಿ ವಿವರಿಸಿದೆ. ಇದು ಕೇವಲ ಅನುಕೂಲದ ಮಾತಲ್ಲ. 3.1.2ಕ್ಕೆ ಪ್ರಮಾಣಪತ್ರ ಸಿಕ್ಕಿದ 2025ರ ಮಾರ್ಚ್ ತಿಂಗಳಲ್ಲೇ 3.1 ಸರಣಿಯ ಬೆಂಬಲವೂ ಮುಗಿಯಿತು. ಹೀಗಿರುವಾಗ ಎಲ್ಲವನ್ನೂ 3.1.2ರಿಂದಲೇ ಬಿಲ್ಡ್ ಮಾಡಿದರೆ ಪ್ರಮಾಣಪತ್ರ ಉಳಿದೀತು, ಭದ್ರತೆ ಉಳಿಯಲಾರದು. 2025ರ ಏಪ್ರಿಲ್‌ನಲ್ಲಿ ಬಂದ ದೀರ್ಘಾವಧಿ ಬೆಂಬಲದ 3.5 ಸರಣಿಯೊಡನೆ 3.1.2 ಪ್ರೊವೈಡರನ್ನು ಜೋಡಿಸುವುದು ಸದ್ಯಕ್ಕೆ ಹದವಾದ ಆಯ್ಕೆ ಎಂಬುದು ನನ್ನ ಅಭಿಪ್ರಾಯ.

ಈ ಎರಡನೇ ಬಿಲ್ಡ್‌ನಲ್ಲಿ ನಿಮ್ಮ ಪ್ಯಾಚ್‌ಗಳು, ಫ್ಲ್ಯಾಗ್‌ಗಳು, ಕೈಬಿಟ್ಟ ಆಲ್ಗಾರಿದಮ್‌ಗಳು ಎಲ್ಲಕ್ಕೂ ಜಾಗವಿದೆ. ಮೂರು ಎಚ್ಚರಿಕೆಗಳು ಮಾತ್ರ.

ಮೊದಲನೆಯದಾಗಿ, ಉತ್ಪನ್ನಕ್ಕೆ ಹೋಗುವ ಈ ಬಿಲ್ಡ್‌ನಲ್ಲಿ ‘ಎನೇಬಲ್-ಫಿಪ್ಸ್’ ಹಾಕಬೇಡಿ. ಹಾಕಿದರೆ ಹೊಸ ಆವೃತ್ತಿಯ, ಪ್ರಮಾಣಪತ್ರವಿಲ್ಲದ ‘ಫಿಪ್ಸ್.ಎಸ್‌ಒ’ ಕೂಡ ತಯಾರಾಗಿ, ಇನ್‌ಸ್ಟಾಲ್ ಹಂತದಲ್ಲಿ ನಿಮ್ಮ ಅಸಲಿ ಫೈಲಿನ ಮೇಲೆಯೇ ಬಂದು ಕೂರುತ್ತದೆ. ಎರಡಕ್ಕೂ ಹೆಸರು ಒಂದೇ ಆದ್ದರಿಂದ ಯಾರಿಗೂ ತಿಳಿಯುವುದಿಲ್ಲ.

ಎರಡನೆಯದಾಗಿ, ಪ್ರೊವೈಡರ್ ಯಾವಾಗಲೂ ಓಡುವ ಸಮಯದಲ್ಲಿ ಲೋಡ್ ಆಗುವ ಫೈಲು. ಲಿಬ್‌ಕ್ರಿಪ್ಟೊವನ್ನು ನಿಮ್ಮ ಪ್ರೋಗ್ರಾಮಿನೊಳಗೆ ಸ್ಟ್ಯಾಟಿಕ್ ಆಗಿ ಸೇರಿಸಬಹುದು, ಆದರೆ ಮಾಡ್ಯೂಲ್ ಲೋಡ್ ಮಾಡುವ ಸೌಲಭ್ಯವನ್ನೇ ಕಿತ್ತುಹಾಕುವ ‘ನೋ-ಮಾಡ್ಯೂಲ್’ ಅಥವಾ ‘ನೋ-ಡಿಎಸ್‌ಒ’ ಆಯ್ಕೆ ಬಳಸಿದರೆ ಫಿಪ್ಸ್ ಕೈತಪ್ಪುತ್ತದೆ. ಮಸ್ಲ್ ಎಂಬ ಚಿಕ್ಕ ಸಿ ಲೈಬ್ರರಿಯೊಡನೆ ಸಂಪೂರ್ಣ ಸ್ಟ್ಯಾಟಿಕ್ ಆಗಿ ಕಟ್ಟಿದ ಪ್ರೋಗ್ರಾಮುಗಳದ್ದೂ ಇದೇ ಕಥೆ.

ಮೂರನೆಯದು ಎಂಟ್ರೊಪಿ, ಅಂದರೆ ಯಾದೃಚ್ಛಿಕ ಸಂಖ್ಯೆಗಳಿಗೆ ಬೇಕಾದ ಊಹಿಸಲಾಗದ ಬೀಜ. 3.0 ಮತ್ತು 3.1ರ ಪ್ರೊವೈಡರ್‌ಗಳು ಈ ಬೀಜವನ್ನು ಗಡಿಯ ಹೊರಗಿನಿಂದ, ಲಿಬ್‌ಕ್ರಿಪ್ಟೊದ ಮೂಲಕ ಪಡೆಯುತ್ತವೆ. ‘ವಿತ್-ರ್‍ಯಾಂಡ್-ಸೀಡ್’ ಆಯ್ಕೆಯನ್ನು ಬದಲಿಸುವುದರಿಂದ ಮಾಡ್ಯೂಲ್ ಬದಲಾಗುವುದಿಲ್ಲ, ಆದರೆ ಅದಕ್ಕೆ ಸಿಗುವ ಬೀಜದ ಗುಣಮಟ್ಟ ಬದಲಾಗುತ್ತದೆ. ಕಾರ್ಯವ್ಯವಸ್ಥೆಯೇ ಕೊಡುವ ಮೂಲವನ್ನು ಬಿಟ್ಟು ಬೇರೆಯದಕ್ಕೆ ಹೋಗಲು ಬಲವಾದ ಕಾರಣ ಇರಬೇಕು.

ಪ್ಯಾಕೇಜ್ ಮಾಡುವ ಮುನ್ನ ಪರೀಕ್ಷೆ ನಡೆಸಿ. ಬೇರೊಂದು ಜಾಗದಲ್ಲಿ ಹೊಸ ಆವೃತ್ತಿಯನ್ನು ಪರೀಕ್ಷೆಗೆಂದೇ ಫಿಪ್ಸ್ ಸಹಿತ ಬಿಲ್ಡ್ ಮಾಡಿ, ಅದರ ‘ಪ್ರೊವೈಡರ್ಸ್’ ಕಡತಕೋಶಕ್ಕೆ ಮೂರನೇ ಹಂತದ ‘ಫಿಪ್ಸ್.ಎಸ್‌ಒ’ ಮತ್ತು ಅದರ ಸಂರಚನಾ ಫೈಲನ್ನು ನಕಲಿಸಿ ‘ಮೇಕ್ ಟೆಸ್ಟ್ಸ್’ ಓಡಿಸುವುದು ಯೋಜನೆ ಸೂಚಿಸಿರುವ ವಿಧಾನ. ಪರೀಕ್ಷೆಗೆ ಬಳಸಿದ ಈ ಮರ ಉತ್ಪನ್ನದ ಕಡೆಗೆ ಹೋಗದಂತೆ ನೋಡಿಕೊಳ್ಳಿ.

5. ಪ್ಯಾಕೇಜ್ ಮಾಡುವಾಗ ಫೈಲು ಬದಲಾಗದಂತೆ ಕಾಯಿರಿ

ಪ್ರೊವೈಡರ್ ಲೋಡ್ ಆಗುವಾಗ ತನ್ನದೇ ಫೈಲನ್ನು ಓದಿ ಎಚ್‌ಮ್ಯಾಕ್ ಲೆಕ್ಕ ಹಾಕುತ್ತದೆ. ಎಚ್‌ಮ್ಯಾಕ್ ಎಂದರೆ ಒಂದು ಕೀಲಿಯನ್ನು ಬೆರೆಸಿ ತೆಗೆದ ಹ್ಯಾಶ್. ಅದು ‘ಫಿಪ್ಸ್‌ಮಾಡ್ಯೂಲ್.ಸಿಎನ್‌ಎಫ್’ ಫೈಲಿನಲ್ಲಿ ಬರೆದಿಟ್ಟ ಬೆಲೆಗೆ ಹೊಂದದಿದ್ದರೆ ಪ್ರೊವೈಡರ್ ದೋಷಸ್ಥಿತಿಗೆ ಹೋಗಿ ಕೆಲಸ ಮಾಡಲು ನಿರಾಕರಿಸುತ್ತದೆ. ಇಲ್ಲಿ ಬಳಸುವ ಕೀಲಿ ಗುಟ್ಟಿನದಲ್ಲ, ಮೂಲ ಕೋಡಿನಲ್ಲೇ ಇದೆ. ಯಾರೋ ತಮಾಷೆಗೆ ಆರಿಸಿದ ಒಂದು ಇಂಗ್ಲಿಷ್ ಪದಗುಚ್ಛದ ಹ್ಯಾಶ್ ಅದು. ಆದ್ದರಿಂದ ಈ ತಪಾಸಣೆ ಕೆಟ್ಟುಹೋದ ಫೈಲನ್ನು ಹಿಡಿಯುತ್ತದೆ, ಉದ್ದೇಶಪೂರ್ವಕವಾಗಿ ತಿದ್ದಿ ಹೊಸ ಎಚ್‌ಮ್ಯಾಕ್ ಬರೆದಿಟ್ಟವನನ್ನು ಹಿಡಿಯುವುದಿಲ್ಲ. ತಪಾಸಣೆ ಪಾಸಾಯಿತು ಎಂಬುದನ್ನು ಮಾನ್ಯತೆಯ ಪುರಾವೆ ಎಂದು ತಿಳಿಯಬೇಡಿ.

ಫೈಲನ್ನು ನಿಮಗೆ ತಿಳಿಯದಂತೆ ಬದಲಿಸುವವರು ಹಲವರಿದ್ದಾರೆ. ಡೀಬಗ್ ಸಂಕೇತಗಳನ್ನು ಕಿತ್ತು ಗಾತ್ರ ಇಳಿಸುವ ‘ಸ್ಟ್ರಿಪ್’ ಉಪಕರಣ ಅವರಲ್ಲಿ ಮೊದಲಿನದು. ಆರ್‌ಪಿಎಂ ಮತ್ತು ಡೆಬಿಯನ್ ಪ್ಯಾಕೇಜಿಂಗ್ ಎರಡೂ ಅದನ್ನು ತಾವಾಗಿಯೇ ಓಡಿಸುತ್ತವೆ. ಲೈಬ್ರರಿ ಹುಡುಕುವ ದಾರಿಯನ್ನು ತಿದ್ದುವ ‘ಪ್ಯಾಚ್‌ಎಲ್ಫ್’, ವಿಂಡೋಸ್ ಹಾಗೂ ಮ್ಯಾಕ್‌ಗಳಲ್ಲಿ ಫೈಲಿನೊಳಕ್ಕೇ ಸೇರುವ ಡಿಜಿಟಲ್ ಸಹಿ ಇವೂ ಅದೇ ಕೆಲಸ ಮಾಡುತ್ತವೆ. ಸ್ಟ್ರಿಪ್ ಮತ್ತು ಪ್ಯಾಚ್‌ಎಲ್ಫ್‌ಗಳಿಂದ ಈ ಒಂದು ಫೈಲಿಗೆ ಸಂಪೂರ್ಣ ವಿನಾಯಿತಿ ಕೊಡಿ. ಕೆಲವು ನೂರು ಕಿಲೋಬೈಟ್ ಉಳಿಸುವುದಕ್ಕಾಗಿ ಲೆಕ್ಕಪರಿಶೋಧಕರ ಪ್ರಶ್ನೆಗಳನ್ನು ಮೈಮೇಲೆ ಎಳೆದುಕೊಳ್ಳುವುದರಲ್ಲಿ ಅರ್ಥವಿಲ್ಲ. ಸಹಿ ಕಡ್ಡಾಯವಾಗಿರುವ ಕಡೆ, ಸಹಿ ಹಾಕಿದ ಮೇಲೆಯೇ ಮುಂದಿನ ಹಂತದ ಎಚ್‌ಮ್ಯಾಕ್ ತೆಗೆಯಿರಿ. ಆ ಕ್ರಮ ನಿಮ್ಮ ಭದ್ರತಾ ನೀತಿಗೆ ಹೊಂದುತ್ತದೆಯೇ ಎಂದು ಪ್ರಯೋಗಾಲಯದವರಿಂದ ಲಿಖಿತವಾಗಿ ಕೇಳಿಕೊಳ್ಳಿ.

ಬಿಲ್ಡ್ ಮುಗಿದ ಕ್ಷಣದ ‘ಫಿಪ್ಸ್.ಎಸ್‌ಒ’ ಹ್ಯಾಶನ್ನು ಬರೆದಿಟ್ಟು, ಗ್ರಾಹಕರ ಯಂತ್ರದಲ್ಲಿ ಬಿಚ್ಚಿದ ಮೇಲಿನ ಹ್ಯಾಶ್ ಜೊತೆ ಹೋಲಿಸುವ ಒಂದು ಚಿಕ್ಕ ಪರೀಕ್ಷೆಯನ್ನು ನಿಮ್ಮ ಸ್ವಯಂಚಾಲಿತ ಬಿಲ್ಡ್ ಸಾಲಿಗೆ ಸೇರಿಸಿ. ಇಷ್ಟು ಮಾಡಿದರೆ ಈ ಹಂತದ ತೊಂದರೆಗಳು ಬಿಡುಗಡೆಗೆ ಮೊದಲೇ ಸಿಕ್ಕಿಬೀಳುತ್ತವೆ.

6. ಗುರಿ ಯಂತ್ರದಲ್ಲಿ ‘ಫಿಪ್ಸ್‌ಇನ್‌ಸ್ಟಾಲ್’ ನಡೆಸಿ

ಪ್ರೊವೈಡರನ್ನು ಹೊಸ ಲಿಬ್‌ಕ್ರಿಪ್ಟೊ ಹುಡುಕುವ ‘ಒಎಸ್‌ಎಸ್‌ಎಲ್-ಮಾಡ್ಯೂಲ್ಸ್’ ಕಡತಕೋಶದಲ್ಲಿ ಇರಿಸಿ, ‘ಓಪನ್‌ಎಸ್‌ಎಸ್‌ಎಲ್ ಫಿಪ್ಸ್‌ಇನ್‌ಸ್ಟಾಲ್’ ಆದೇಶಕ್ಕೆ ಅದರ ದಾರಿಯನ್ನು ಕೊಡಿ. ಅದು ಸ್ವಯಂಪರೀಕ್ಷೆಗಳನ್ನು ನಡೆಸಿ, ಎಚ್‌ಮ್ಯಾಕ್ ಲೆಕ್ಕ ಹಾಕಿ, ಮೇಲೆ ಹೇಳಿದ ‘ಫಿಪ್ಸ್‌ಮಾಡ್ಯೂಲ್.ಸಿಎನ್‌ಎಫ್’ ಫೈಲನ್ನು ಬರೆಯುತ್ತದೆ.

3.0 ಸರಣಿಯ ಪ್ರೊವೈಡರ್ ಬಳಸುವವರು ಇಲ್ಲಿ ಮೈಯೆಲ್ಲ ಕಣ್ಣಾಗಿರಬೇಕು. ಆ ಸರಣಿಯಲ್ಲಿ ಸ್ವಯಂಪರೀಕ್ಷೆ ಈಗಾಗಲೇ ನಡೆದಿದೆ ಎಂಬ ಗುರುತೂ ಇದೇ ಫೈಲಿನಲ್ಲಿ ಉಳಿಯುತ್ತದೆ. ಆದ್ದರಿಂದ ಒಂದು ಯಂತ್ರದ ಫೈಲನ್ನು ಇನ್ನೊಂದಕ್ಕೆ ನಕಲಿಸಬಾರದೆಂದು ಸ್ಪಷ್ಟವಾಗಿ ಹೇಳಿದ್ದಾರೆ. ಆದರೆ ಪ್ರೋಗ್ರಾಮನ್ನೂ ಅದಕ್ಕೆ ಬೇಕಾದ ಫೈಲುಗಳನ್ನೂ ಒಟ್ಟುಗೂಡಿಸಿದ ಕಂಟೇನರ್ ಇಮೇಜ್ ಕಟ್ಟುವವರು ಮಾಡುವುದು ಅದನ್ನೇ: ಬಿಲ್ಡ್ ಸರ್ವರಿನಲ್ಲಿ ಒಮ್ಮೆ ಫಿಪ್ಸ್‌ಇನ್‌ಸ್ಟಾಲ್ ನಡೆಸಿ, ಆ ಇಮೇಜನ್ನು ನೂರು ಯಂತ್ರಗಳಿಗೆ ಹಂಚುತ್ತಾರೆ. ಆ ನೂರು ಯಂತ್ರಗಳಲ್ಲಿ ಪರೀಕ್ಷೆ ನಡೆದೇ ಇರುವುದಿಲ್ಲ. ‘ಸೆಲ್ಫ್_ಟೆಸ್ಟ್_ಆನ್‌ಲೋಡ್’ ಎಂಬ ಆಯ್ಕೆ ಕೊಟ್ಟರೆ ಆ ಗುರುತನ್ನು ಬರೆಯದೆ ಬಿಟ್ಟು, ಪ್ರತಿ ಬಾರಿ ಲೋಡ್ ಆದಾಗಲೂ ಪರೀಕ್ಷೆ ನಡೆಯುವಂತೆ ಆಗುತ್ತದೆ. ಬೇರೆ ಜಾತಿಯ ಪ್ರೊಸೆಸರಿಗೆ ಕ್ರಾಸ್ ಕಂಪೈಲ್ ಮಾಡುವವರಿಗೂ ಇದೇ ದಾರಿ. 140-3ರ ಪ್ರೊವೈಡರ್‌ಗಳಲ್ಲಿ ಪರೀಕ್ಷೆಯನ್ನು ಹೀಗೆ ಉಳಿಸಿಟ್ಟುಕೊಳ್ಳಲು ಅವಕಾಶವೇ ಇಲ್ಲ, ಅಲ್ಲಿ ಲೋಡ್ ಆದಾಗಲೆಲ್ಲ ಪರೀಕ್ಷೆ ನಡೆಯುತ್ತದೆ. ಪ್ರೋಗ್ರಾಮ್ ಆರಂಭವಾಗಲು ತುಸು ತಡವಾದರೆ ಗಾಬರಿಯಾಗಬೇಡಿ.

3.1ರಿಂದ ಇದೇ ಆದೇಶಕ್ಕೆ ‘ಪೆಡಾಂಟಿಕ್’ ಎಂಬ ಆಯ್ಕೆಯೂ ಇದೆ. ಹಳೆಯ ಪ್ರೋಗ್ರಾಮುಗಳಿಗೆ ಹೊಂದಿಕೊಳ್ಳಲೆಂದು ಬಿಟ್ಟಿರುವ ಸಡಿಲಿಕೆಗಳನ್ನು ತೆಗೆದು ಮಾನದಂಡವನ್ನು ಕಟ್ಟುನಿಟ್ಟಾಗಿ ಜಾರಿಮಾಡುವುದು ಅದರ ಕೆಲಸ. ಹಳೆಯ ಗ್ರಾಹಕರ ಸಂಪರ್ಕ ಇದರಿಂದ ಮುರಿದುಬೀಳಬಹುದು, ಆದ್ದರಿಂದ ಭದ್ರತಾ ನೀತಿಯ ಮಾತನ್ನೂ ನಿಮ್ಮ ಪರೀಕ್ಷೆಯ ಫಲಿತಾಂಶವನ್ನೂ ನೋಡಿ ನಿರ್ಧರಿಸಿ.

7. ಸಂರಚನಾ ಫೈಲಿನಲ್ಲಿ ಹಿಂಬಾಗಿಲು ಮುಚ್ಚಿ

ಎಲ್ಲ ಸರಿಯಾಗಿ ಬಿಲ್ಡ್ ಆಗಿದ್ದರೂ ಪ್ರೋಗ್ರಾಮ್ ಫಿಪ್ಸ್ ಪ್ರೊವೈಡರನ್ನು ಬಳಸದೇ ಹೋಗಬಹುದು. ‘ಓಪನ್‌ಎಸ್‌ಎಸ್‌ಎಲ್.ಸಿಎನ್‌ಎಫ್’ ಫೈಲಿನಲ್ಲಿ ನಾಲ್ಕು ಸಂಗತಿಗಳಿರಬೇಕು. ಫಿಪ್ಸ್ ಸಂರಚನಾ ಫೈಲನ್ನು ಪೂರ್ಣ ದಾರಿಯೊಡನೆ ಒಳಸೇರಿಸುವ ‘ಇನ್‌ಕ್ಲೂಡ್’ ಸಾಲು ಮೊದಲನೆಯದು. ಪ್ರೊವೈಡರ್‌ಗಳ ಪಟ್ಟಿಯಲ್ಲಿ ಫಿಪ್ಸ್ ಜೊತೆಗೆ ‘ಬೇಸ್’ ಎಂಬ ಪ್ರೊವೈಡರ್ ಇರಬೇಕು ಮತ್ತು ಅದು ಸಕ್ರಿಯವಾಗಿರಬೇಕು. ಕೀಲಿಗಳನ್ನು ಫೈಲಿನಿಂದ ಓದುವ, ಫೈಲಿಗೆ ಬರೆಯುವ ಕೋಡ್ ಅದರಲ್ಲಿದೆ. ಅದನ್ನು ಮರೆತವರು ‘ಫಿಪ್ಸ್ ಹಾಕಿದ ಮೇಲೆ ಪಿಇಎಂ ಕೀಲಿ ಓದುತ್ತಿಲ್ಲ’ ಎಂದು ದಿನಗಟ್ಟಲೆ ಹುಡುಕಾಡುತ್ತಾರೆ. ಮೂರನೆಯದು, ಆಲ್ಗಾರಿದಮ್ ಆರಿಸುವಾಗ ‘ಫಿಪ್ಸ್=ಯೆಸ್’ ಎಂಬ ಗುಣ ಕಡ್ಡಾಯವೆಂದು ಹೇಳುವ ‘ಡಿಫಾಲ್ಟ್_ಪ್ರಾಪರ್ಟೀಸ್’ ಸಾಲು.

ನಾಲ್ಕನೆಯದು ‘ಕಾನ್ಫಿಗ್_ಡಯಾಗ್ನಾಸ್ಟಿಕ್ಸ್’ ಅನ್ನು 1 ಮಾಡುವುದು. ಇದು ಇಲ್ಲದಿದ್ದರೆ ಸಂರಚನಾ ಫೈಲಿನಲ್ಲಿ ತಪ್ಪಿದ್ದರೂ ಲೈಬ್ರರಿ ಅದನ್ನು ನುಂಗಿಕೊಂಡು ಮುಂದೆ ಹೋಗುತ್ತದೆ. ಯಾವ ಪ್ರೊವೈಡರೂ ಲೋಡ್ ಆಗಿಲ್ಲವೆಂದು ಕಂಡಾಗ ಡಿಫಾಲ್ಟ್ ಪ್ರೊವೈಡರನ್ನು ತಾನಾಗಿಯೇ ಎತ್ತಿಕೊಳ್ಳುತ್ತದೆ. ಪ್ರೋಗ್ರಾಮ್ ಸರಾಗವಾಗಿ ಓಡುತ್ತದೆ, ಮಾನ್ಯತೆ ಪಡೆದ ಒಂದು ಸಾಲು ಕೋಡೂ ಬಳಕೆಯಾಗುವುದಿಲ್ಲ.

ನಿಮ್ಮ ಪ್ರೋಗ್ರಾಮಿನ ಮೂಲ ಕೋಡನ್ನೂ ಒಮ್ಮೆ ಜಾಲಾಡಿ. ಎಇಎಸ್ ಅಥವಾ ಎಸ್‌ಎಚ್‌ಎ ಫಂಕ್ಷನ್‌ಗಳನ್ನು ಇವಿಪಿ ಎಂಬ ಮೇಲ್ಪದರದ ಮೂಲಕ ಹೋಗದೆ ನೇರವಾಗಿ ಕರೆಯುವ ಹಳೆಯ ಕೋಡ್ ಪ್ರೊವೈಡರನ್ನು ದಾಟಿ ಲಿಬ್‌ಕ್ರಿಪ್ಟೊದೊಳಕ್ಕೇ ಹೋಗುತ್ತದೆ. ಎಂಜಿನ್ ಎಂಬ ಹಳೆಯ ವ್ಯವಸ್ಥೆಯೂ ಅಷ್ಟೇ. ‘ಫಿಪ್ಸ್=ಯೆಸ್’ ಮೊದಲು ಪ್ರಶ್ನಾರ್ಥಕ ಚಿಹ್ನೆ ಇದ್ದರೆ ಅದು ಕಡ್ಡಾಯವಲ್ಲ, ಸಿಕ್ಕರೆ ಸರಿ ಎಂಬ ಬೇಡಿಕೆ ಮಾತ್ರ ಎಂಬುದನ್ನೂ ಗಮನಿಸಿ.

8. ಪರಿಶೀಲಿಸಿ

‘ಓಪನ್‌ಎಸ್‌ಎಸ್‌ಎಲ್ ಲಿಸ್ಟ್’ ಆದೇಶವನ್ನು ‘ಪ್ರೊವೈಡರ್ಸ್’ ಆಯ್ಕೆಯೊಡನೆ ನಡೆಸಿದರೆ ಲೋಡ್ ಆದ ಪ್ರತಿ ಪ್ರೊವೈಡರಿನ ಹೆಸರು, ಆವೃತ್ತಿ, ಸ್ಥಿತಿ ಕಾಣುತ್ತವೆ. ಫಿಪ್ಸ್ ಪ್ರೊವೈಡರಿನ ಆವೃತ್ತಿ ಪ್ರಮಾಣಪತ್ರದಲ್ಲಿರುವ ಸಂಖ್ಯೆಯೇ ಆಗಿರಬೇಕು. ಬೇಸ್ ಪ್ರೊವೈಡರ್ 3.5 ಸರಣಿಯದಾಗಿದ್ದು ಫಿಪ್ಸ್ 3.1.2 ಎಂದು ತೋರಿಸಿದರೆ ನಿಮ್ಮ ಜೋಡಣೆ ಸರಿಯಾಗಿದೆ. ಎರಡೂ ಒಂದೇ ಸಂಖ್ಯೆ ತೋರಿಸುತ್ತಿದ್ದರೆ ನಾಲ್ಕನೇ ಹಂತಕ್ಕೆ ಹಿಂದಿರುಗಿ. ಡಿಫಾಲ್ಟ್ ಎಂಬ ಹೆಸರು ಈ ಪಟ್ಟಿಯಲ್ಲಿ ಕಾಣಬಾರದು.

ಅನಂತರ ಫಿಪ್ಸ್ ಒಪ್ಪದ ಹಳೆಯ ವಿಧಾನವಾದ ಎಂಡಿ5ರಲ್ಲಿ ಹ್ಯಾಶ್ ತೆಗೆಯಲು ಪ್ರಯತ್ನಿಸಿ. ಅದು ವಿಫಲವಾಗಬೇಕು. ಯಶಸ್ವಿಯಾದರೆ ಡಿಫಾಲ್ಟ್ ಪ್ರೊವೈಡರ್ ಎಲ್ಲಿಂದಲೋ ನುಸುಳಿದೆ ಎಂದೇ ಅರ್ಥ. ಈ ಪರೀಕ್ಷೆಗಳನ್ನು ಆದೇಶ ಸಾಲಿನಲ್ಲಿ ಮಾತ್ರವಲ್ಲದೆ ನಿಮ್ಮ ಪ್ರೋಗ್ರಾಮಿನೊಳಗಿನಿಂದಲೂ ನಡೆಸಿ, ಏಕೆಂದರೆ ‘ಓಪನ್‌ಎಸ್‌ಎಸ್‌ಎಲ್_ಕಾನ್ಫ್’ ಎಂಬ ಚರಾಂಶ ಅದನ್ನು ಬೇರೆ ಸಂರಚನಾ ಫೈಲಿನತ್ತ ತಿರುಗಿಸಿರಬಹುದು.

9. ಯಂತ್ರದ ಪಟ್ಟಿಯನ್ನು ನೋಡಿ, ಹೇಳಿಕೆಯನ್ನು ಅಳೆದು ಬರೆಯಿರಿ

ಪ್ರಮಾಣಪತ್ರದಲ್ಲಿ ಕಾರ್ಯಪರಿಸರಗಳ ಪಟ್ಟಿ ಇರುತ್ತದೆ, ಅಂದರೆ ಯಾವ ಕಾರ್ಯವ್ಯವಸ್ಥೆ ಮತ್ತು ಯಾವ ಯಂತ್ರದ ಮೇಲೆ ಪರೀಕ್ಷೆ ನಡೆಯಿತು ಎಂಬ ವಿವರ. ನಿಮ್ಮದು ಅದರಲ್ಲಿ ಇಲ್ಲದಿದ್ದರೆ ದಾರಿ ಮುಚ್ಚಿತೆಂದಲ್ಲ. ಮೂಲ ಕೋಡನ್ನು ಬದಲಿಸದೆ ಬೇರೆ ಪರಿಸರಕ್ಕೆ ಕಂಪೈಲ್ ಮಾಡಿಕೊಳ್ಳಲು ತಂತ್ರಾಂಶ ಮಾಡ್ಯೂಲುಗಳಿಗೆ ಅವಕಾಶವಿದೆ, 140-2ರ ಕಾಲದಲ್ಲಿ ಇದನ್ನು ಜಿ.5 ಎಂಬ ಮಾರ್ಗಸೂಚಿ ಹೇಳುತ್ತಿತ್ತು. ಆದರೆ ಅಂಥ ಪರಿಸರದಲ್ಲಿ ಮಾಡ್ಯೂಲ್ ಸರಿಯಾಗಿ ನಡೆಯುತ್ತದೆಯೆಂದು ಸಿಎಂವಿಪಿ ಯಾವ ಭರವಸೆಯನ್ನೂ ಕೊಡುವುದಿಲ್ಲ, ಹೊಣೆ ನಿಮ್ಮದು. ಕೆಲವು ಗ್ರಾಹಕರು ಇದನ್ನು ಒಪ್ಪುತ್ತಾರೆ, ಕೆಲವರು ಒಪ್ಪುವುದಿಲ್ಲ. ಒಪ್ಪಂದಕ್ಕೆ ಮೊದಲೇ ಕೇಳಿ.

ಗ್ರಾಹಕರ ಪ್ರಶ್ನಾವಳಿಯಲ್ಲಿ ‘ನಮ್ಮ ಉತ್ಪನ್ನ ಫಿಪ್ಸ್ ಮಾನ್ಯತೆ ಪಡೆದಿದೆ’ ಎಂದು ಬರೆಯಬೇಡಿ, ನಿಮ್ಮ ಉತ್ಪನ್ನ ಯಾವ ಪರೀಕ್ಷೆಗೂ ಹೋಗಿಲ್ಲ. ‘ನಮ್ಮ ಉತ್ಪನ್ನವು 4985ನೇ ಪ್ರಮಾಣಪತ್ರದ ಓಪನ್‌ಎಸ್‌ಎಸ್‌ಎಲ್ ಫಿಪ್ಸ್ ಪ್ರೊವೈಡರ್ 3.1.2 ಅನ್ನು ಅದರ ಭದ್ರತಾ ನೀತಿಯಂತೆ ಬಿಲ್ಡ್ ಮಾಡಿ ಬಳಸುತ್ತದೆ’ ಎಂದು ಬರೆದು, ಓಡುತ್ತಿರುವ ಪರಿಸರ ಪಟ್ಟಿಯಲ್ಲಿದೆಯೋ ಇಲ್ಲವೋ ಎಂಬುದನ್ನೂ ಸೇರಿಸಿ. ಇದರ ಬೆನ್ನಿಗೆ ಟಾರ್ ಫೈಲು ಮತ್ತು ಅದರ ಹ್ಯಾಶ್, ಬಿಲ್ಡ್‌ನ ಪೂರ್ಣ ದಾಖಲೆ, ಕಂಪೈಲರ್ ಆವೃತ್ತಿ, ‘ಫಿಪ್ಸ್.ಎಸ್‌ಒ’ ಹ್ಯಾಶ್, ಎಂಟನೇ ಹಂತದ ಫಲಿತಾಂಶ ಮತ್ತು ಅಂದು ಇಳಿಸಿಕೊಂಡ ಭದ್ರತಾ ನೀತಿಯ ಪ್ರತಿ ಇರಲಿ. ಭದ್ರತಾ ನೀತಿ ಪರಿಷ್ಕೃತವಾಗುವುದುಂಟು, ಹಾಗಾಗಿ ಪ್ರತಿಯ ಮೇಲೆ ದಿನಾಂಕ ಹಾಕಿಡಿ.

ಮಾಡ್ಯೂಲಿನ ಒಳಗೇ ಬದಲಿಸಬೇಕಾಗಿ ಬಂದರೆ

ಪ್ರೊವೈಡರಿನ ಒಳಗಿನ ಕೋಡಿನಲ್ಲೇ ಭದ್ರತಾ ದೋಷ ಕಂಡುಬಂದಾಗ ಪರಿಸ್ಥಿತಿ ಇಕ್ಕಟ್ಟಿನದು: ಪ್ಯಾಚ್ ಹಾಕಿದರೆ ಮಾನ್ಯತೆ ಹೋಗುತ್ತದೆ, ಹಾಕದಿದ್ದರೆ ದೋಷ ಉಳಿಯುತ್ತದೆ. ಮೊದಲು ದೋಷ ನಿಜಕ್ಕೂ ಒಳಗಿನದೇ ಎಂದು ಯೋಜನೆಯ ಪ್ರಕಟಣೆಯಲ್ಲಿ ನೋಡಿ. ಫಿಪ್ಸ್ ಪ್ರೊವೈಡರಿಗೆ ತಟ್ಟುತ್ತದೆಯೇ ಇಲ್ಲವೇ ಎಂಬುದನ್ನು ಅಲ್ಲಿ ಸಾಮಾನ್ಯವಾಗಿ ಪ್ರತ್ಯೇಕವಾಗಿ ಹೇಳಿರುತ್ತಾರೆ, ಮತ್ತು ಬಹಳಷ್ಟು ದೋಷಗಳು ಹೊರಗಿನವೇ ಆಗಿರುತ್ತವೆ. ಒಳಗಿನದಾಗಿದ್ದರೆ ಮರುಮಾನ್ಯತೆ ಪಡೆದ ಹೊಸ ಆವೃತ್ತಿಗಾಗಿ ಕಾಯಬಹುದು. ಅಥವಾ ರೆಡ್ ಹ್ಯಾಟ್, ಕೆನಾನಿಕಲ್, ಸೂಸೆ ಮುಂತಾದವರು ತಮ್ಮದೇ ಪ್ರಮಾಣಪತ್ರದೊಡನೆ ಕೊಡುವ ಮಾಡ್ಯೂಲಿಗೆ ಹೋಗಬಹುದು, ಆದರೆ ಆಗ ಆ ಬೈನರಿಯನ್ನು ಅವರು ಕೊಟ್ಟ ಹಾಗೆಯೇ ಬಳಸಬೇಕು. ಮೂರನೆಯದು, ನಿಮ್ಮ ಬದಲಾದ ಮಾಡ್ಯೂಲನ್ನು ನಿಮ್ಮದೇ ಹೆಸರಿನಲ್ಲಿ ಪ್ರಯೋಗಾಲಯಕ್ಕೆ ಒಯ್ಯುವುದು. ತಿಂಗಳುಗಟ್ಟಲೆ ಸಮಯ ಮತ್ತು ದೊಡ್ಡ ಮೊತ್ತದ ಹಣ ಬೇಡುವ ದಾರಿ ಅದು, ಸಣ್ಣ ತಂಡಗಳಿಗೆ ನಾನು ಸೂಚಿಸುವುದಿಲ್ಲ.

ದೋಷ ಅಪಾಯಕಾರಿಯಾಗಿದ್ದು ಕಾಯಲು ಸಮಯವಿಲ್ಲದಿದ್ದರೆ ಪ್ಯಾಚ್ ಹಾಕಿಬಿಡಿ, ಆದರೆ ಅದನ್ನು ಗ್ರಾಹಕರಿಗೆ ಬರವಣಿಗೆಯಲ್ಲಿ ತಿಳಿಸಿ. ಮರುಮಾನ್ಯತೆ ಪಡೆದ ಪ್ರೊವೈಡರ್ ಬಂದು ನೀವು ಮೂರನೇ ಹಂತದಿಂದ ಮತ್ತೆ ಬಿಲ್ಡ್ ಮಾಡುವವರೆಗೆ, ಒಂಬತ್ತನೇ ಹಂತದ ಆ ವಾಕ್ಯವನ್ನು ನಿಮ್ಮ ದಾಖಲೆಗಳಿಂದ ತೆಗೆದಿಡಿ.